ಕಿಚ್ಚು ಹಾಯ್ದ ಅಂಬಾಸಿಡರ್

ಆಗೆಲ್ಲ ನಮ್ಮ ಬೇಗೂರಿನ ಬೀದಿಗೆ ಕಾರು ಬಂತೆಂದರೆ ಯಾರೋ ಹೆಣ್ಣು ನೋಡಲು ಬಂದಿದ್ದಾರೆ, ಇಲ್ಲವೇ ಯಾರಿಗೋ ಕಾಯಿಲೆ ಜೋರಾಗಿದೆ ಎಂದು ಅರ್ಥ. ಬಂದ ಕಾರು ಕೆಲಸ ಮುಗಿಸಿಕೊಂಡು ಬಂದ ದಾರಿಯಲ್ಲೇ ಹೋಗಿಬಿಡುತ್ತಿತ್ತು. ನಾವು ಮಕ್ಕಳು ಅದರ ಧೂಳಿನ ಹಿಂದೆ ಹೈವೇ ತನಕ ಓಡಿ, ಏದುಸಿರು ಬಿಡುತ್ತಾ ವಾಪಸ್ಸು ಬರುತ್ತಿದ್ದೆವು. ಅಂಥ ಕಾಲದಲ್ಲಿ, ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಒಂದು ಕಾರು ನಮ್ಮ ಮನೆಗೆ ಬಂದದ್ದು ವಾಪಸ್ಸು ಹೋಗಲೇ ಇಲ್ಲ. ಬೆಳಗ್ಗೆ ಕಣ್ಣುಜ್ಜಿಕೊಂಡು ಬಂದು ನೋಡಿದರೆ ಅಲ್ಲೇ ಇತ್ತು.

ನಮ್ಮಪ್ಪ ಗುಂಡ್ಲುಪೇಟೆ ಮಂಡಿಯಿಂದ ಸಾಂಬಾರ್ ಈರುಳ್ಳಿಯನ್ನು ಲಾರಿಗೆ ಹಾಕಿಸಿ ಕೇರಳಕ್ಕೆ ಕಳಿಸುತ್ತಿದ್ದ. ಅಲ್ಲಿ ಸರಕು ಇಳಿಸಿಕೊಳ್ಳುತ್ತಿದ್ದ ಮೂಸಾಕ್ಕ, ಅಂದರೆ ಮೂಸಾ ಅಣ್ಣ, ಎಂಬ ವ್ಯಾಪಾರಿ ಹೊಸ ಕಾರು ಕೊಂಡು, ತಮ್ಮ ಹಳೆಯ ಅಂಬಾಸಿಡರನ್ನು ಅಪ್ಪನಿಗೆ ಕೊಟ್ಟರು. ತಾವೇ ಓಡಿಸಿಕೊಂಡು ಬಂದು, ಅವ್ವ ಕೊಟ್ಟ ಕಾಫಿ ಕುಡಿದು, ಬಾನೆಟ್ಟಿನ ಮೇಲೆ ಪಟಾರನೆ ಒಂದೇಟು ಹಾಕಿ, "ನಲ್ಲ ವಂಡಿಯಾ, ಒಳ್ಳೇ ಗಾಡಿ, ನೀವು ಭಯ ಬೇಡ" ಎಂದು ಎರಡು ಭಾಷೆ ಕಲಸಿ ಧೈರ್ಯ ಹೇಳಿ ಬಸ್ಸು ಹತ್ತಿ ಹೋದರು.

ತಿಳಿನೀಲಿ ಬಣ್ಣದ ಕಾರು. ಮುಂದಿನ ಸೀಟು ನಮ್ಮ ಸ್ಕೂಲಿನ ಬೆಂಚಿನಂತೆ ಉದ್ದಕ್ಕಿತ್ತು. ಹಿಂದಿನ ಗಾಜಿನ ಮೇಲೆ ಮಲಯಾಳದಲ್ಲಿ ಏನೋ ಬರೆದಿತ್ತು. ಓದಲು ನಮ್ಮ ಬೀದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಆ ದುಂಡು ಅಕ್ಷರಗಳನ್ನು ಹಾಗೇ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಇಳಿಸಿಕೊಂಡು, ಅದು ಕಾರಿನ ಹೆಸರೆಂದು ಗೆಳತಿಯರ ಮುಂದೆ ಬಡಾಯಿ ಕೊಚ್ಚಿದ್ದೆ. ಒಳಗೆ ಕೊಬ್ಬರಿ ಎಣ್ಣೆಯ ವಾಸನೆ, ಬಾಳೆಕಾಯಿ ಚಿಪ್ಸಿನ ವಾಸನೆ. ಅವೆರಡರ ಅಡಿಯಲ್ಲಿ ಸಣ್ಣಗೆ ಒಣಮೀನಿನ ವಾಸನೆ. ನಮ್ಮದು ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ. ಅವ್ವ ಸೀಟುಗಳನ್ನು ಸೀಗೆಪುಡಿ ಹಾಕಿ ಉಜ್ಜಿ, ಒಳಗೆ ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿದಳು. ಆದರೂ ಬಿಸಿಲೇರಿದ ಕೂಡಲೇ ಮೀನು ಮತ್ತೆ ಹಾಜರು! ಯಾರಿಗೂ ಹೇಳಿರಲಿಲ್ಲ, ನನಗೆ ಆ ವಾಸನೆ ಇಷ್ಟವಾಗಿತ್ತು. ಕಂಡಿರದ ಊರುಗಳಿಂದ ಬಂದ ವಾಸನೆ ಅದು. ಸ್ಕೂಲು ಬಿಟ್ಟ ಕೂಡಲೇ ಚೀಲ ಎಸೆದು ಕಾರೊಳಗೆ ಕೂರುತ್ತಿದ್ದೆ. ಹೋಂವರ್ಕು, ಮಂಡಕ್ಕಿ, ಗೊಂಬೆಯ ಮದುವೆ, ಎಲ್ಲವೂ ಅಲ್ಲೇ. ಪ್ರೀತಿ ಅಂದರೆ ಪ್ರೀತಿಯೇ. ಬೇರೆ ಹೆಸರಿಟ್ಟು ಸುಮ್ಮನೆ ಯಾಕೆ ಮರೆಮಾಚಲಿ?

ಈ ಪ್ರೀತಿಗೆ ಅಡ್ಡವಾಗಿದ್ದದ್ದು ಇನ್ನೊಂದು ಪ್ರೀತಿ. ಅವನೇ ನಮ್ಮ ತಾತ, ಅಪ್ಪನ ಅಪ್ಪ. ಕಾರು ಬರುವುದಕ್ಕೆ ಒಂದು ವಾರ ಮುಂಚೆಯಷ್ಟೇ ತಾತನ ಎರಡು ಎತ್ತುಗಳು, ಗೌರ ಮತ್ತು ಬೂದ, ತೆರಕಣಾಂಬಿ ಸಂತೆಯಲ್ಲಿ ಮಾರಾಟವಾಗಿದ್ದವು. ತಾತನ ಮೊಣಕಾಲು ಸೋತಿತ್ತು, ಉಳುಮೆಗೆ ಟ್ರ್ಯಾಕ್ಟರ್ ಬರತೊಡಗಿತ್ತು, ಅಪ್ಪನಿಗೆ ಪುರುಸೊತ್ತಿರಲಿಲ್ಲ. ಮನೆಯಲ್ಲಿ ಸೂರು ಇದ್ದ ಖಾಲಿ ಜಾಗವೆಂದರೆ ಕೊಟ್ಟಿಗೆಯೊಂದೇ. ಕಾರು ಹೋಗಿ ಸರಿಯಾಗಿ ಎತ್ತುಗಳಿಗೆ ಮೇವು ಹಾಕುವ ಗೊಂತಿನ ಮುಂದೆ ನಿಂತಿತು. ಅವತ್ತಿನಿಂದ ತಾತ ಜಗಲಿಯಲ್ಲಿ ಕೊಟ್ಟಿಗೆಗೆ ಬೆನ್ನು ಹಾಕಿ ಕೂರತೊಡಗಿದ. ಗುಂಡ್ಲುಪೇಟೆಗೆ ಹೋಗಬೇಕಾದರೂ ಹೈವೇಗೆ ಕುಂಟಿಕೊಂಡು ಹೋಗಿ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದ.

"ಕಾರಲ್ಲಿ ಓಗನ ಬಾ ತಾತ" ಎಂದು ನಾನು ಗೋಗರೆದರೆ, "ಮೀನ್ ನಾತ ಕಣಮ್ಮಿ, ನಂಗೆ ವಾಂತಿ ಬತ್ತದ" ಎನ್ನುತ್ತಿದ್ದ. ಅದು ನೆಪ ಎಂದು ನನಗೆ ಗೊತ್ತಿತ್ತು. ಒಂದು ದಿನ ಬೆಳಗಿನ ಜಾವ ಎಚ್ಚರವಾಗಿ ಹೊರಗೆ ಬಂದಾಗ, ತಾತ ಒಂದು ತೆಕ್ಕೆ ಹುಲ್ಲು ಹಿಡಿದುಕೊಂಡು ಕಾರಿನ ಮುಂದೆ ಸುಮ್ಮನೆ ನಿಂತಿದ್ದ. ನನ್ನನ್ನು ಕಂಡು ಪೆಚ್ಚಾಗಿ, "ಮರ್ತ್ಬುಟ್ಟಿದ್ದೆ ಕಣಮ್ಮಿ, ಓಗು, ಮಲೀಕೋ" ಎಂದ. ಅವತ್ತು ಸ್ಕೂಲಿನಿಂದ ಬಂದವಳು ಕಾರು ಹತ್ತಲಿಲ್ಲ. ಮಾರನೆಯ ದಿನ ಹತ್ತಿದೆ, ಮನಸ್ಸು ತಡೆಯಲಿಲ್ಲ. ಆದರೆ ತಾತನೂ ಒಂದು ಸಲ ಇದರೊಳಗೆ ಬಂದು ಕೂತರೆ ಸಾಕು ಎನ್ನುವ ಆಸೆ ಆಮೇಲೆ ನನ್ನನ್ನು ಬಿಡಲಿಲ್ಲ. ರಾತ್ರಿ ತಾತನ ಪಕ್ಕ ಮಲಗುವವಳು ನಾನು, ಹಗಲಿಡೀ ಕಾರಿನಲ್ಲಿ ಕೂರುವವಳೂ ನಾನು. ತಾತನಿಗೂ ಕಾರಿಗೂ ಮಾತಿಲ್ಲವೆಂದರೆ ಎಷ್ಟು ದಿನ ಸಹಿಸುವುದು?

ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮ ಕಡೆ ಸಂಕ್ರಾಂತಿಯೆಂದರೆ ದನಗಳ ಹಬ್ಬ. ಬೆಳಗ್ಗೆ ದನಗಳ ಮೈ ತೊಳೆದು, ಅರಿಶಿನ ಹಚ್ಚಿ, ಗೆಜ್ಜೆ ಕಟ್ಟಿ, ಸಂಜೆ ಊರ ಮುಂದೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಕೊಟ್ಟು ಅದರ ಮೇಲೆ ಓಡಿಸುತ್ತಾರೆ. ಅದೇ ಕಿಚ್ಚು ಹಾಯಿಸುವುದು. ಹಗ್ಗ ಹಿಡಿದವನೂ ದನದ ಜೊತೆಗೇ ಬೆಂಕಿ ಹಾರಬೇಕು. ನಮ್ಮ ಬೀದಿಯಲ್ಲಿ ಪ್ರತಿವರ್ಷ ಮೊದಲು ಹಾಯುತ್ತಿದ್ದದ್ದು ತಾತನ ಜೋಡಿ. ಆ ವರ್ಷ ಕೊಟ್ಟಿಗೆಯಲ್ಲಿ ಒಂದು ಕರುವೂ ಇರಲಿಲ್ಲ.

ಹೊಸ ಲಂಗ ಉಟ್ಟು ನಾಲ್ಕು ಮನೆಗೆ ಎಳ್ಳು ಬೀರಿ ಬರುವಷ್ಟರಲ್ಲಿ ನಮ್ಮ ಮನೆಯ ಮುಂದೆ ಜನ ಸೇರಿದ್ದರು. ತಾತ ಪಂಚೆ ಎತ್ತಿ ಕಟ್ಟಿಕೊಂಡು, ಎತ್ತು ಉಜ್ಜುವ ತೆಂಗಿನ ನಾರಿನಲ್ಲಿ ಕಾರನ್ನು ಗಸಗಸ ತಿಕ್ಕುತ್ತಿದ್ದ. ಪ್ರತಿ ತಿಕ್ಕಿಗೂ ಅಪ್ಪ ಹಲ್ಲು ಕಚ್ಚುತ್ತಿದ್ದ. ಹೆಡ್‌ಲೈಟಿಗೆ ಅರಿಶಿನ ಬಿತ್ತು. ಬಾನೆಟ್ಟಿಗೆ ಮೂರು ಬೆರಳ ವಿಭೂತಿ ಬಿತ್ತು. ಬಂಪರಿಗೆ ಗೌರನ ಗೆಜ್ಜೆಸರ ಕಟ್ಟಿದ್ದಾಯಿತು.

"ಏನಪ್ಪಾ ಇದು?" ಅಂದ ಅಪ್ಪ.

"ಕಿಚ್ಚಾಯಿಸಕ್ಕೆ. ಇನ್ನೇನು?"

"ಇದೇನು ದನವಾ? ಪೆಟ್ರೋಲ್ ಗಾಡಿ ಕಣಪ್ಪ. ಹಿಂದ್ಗಡೆ ಟ್ಯಾಂಕು ಅದ. ಹತ್ಕಂಡ್ರೆ ಪೂರಾ ಉರ್ದೋಯ್ತದ."

"ನಮ್ಮ ಕೊಟ್ಟಿಗೇಲಿರೋದು ಕಿಚ್ಚಾಯ್ಬೇಕು ಕಣ್ಲಾ. ಆಯ್ದೆ ಇದ್ರೆ ಅದು ನಮ್ಮನೇದಲ್ಲ. ಯಾರ್ದೋ ಗಾಡಿ ನಿಲ್ಲಿಸ್ಕಂಡಂಗೆ. ಆಮೇಲೆ ನನ್ನ ಕೇಳ್ಬ್ಯಾಡ."

ಅಪ್ಪ ಆಗಲ್ಲವೆಂದ. ತಾತ ಹಟ ಬಿಡಲಿಲ್ಲ. ಹಾಯಿಸದಿದ್ದರೆ ತಾತ ಇನ್ನು ಯಾವತ್ತೂ ಕಾರಿನ ಕಡೆ ತಿರುಗುವುದಿಲ್ಲ. ಹಾಯಿಸಿದರೆ ಕಾರೇ ಉಳಿಯುವುದಿಲ್ಲವೇನೋ. ತಾತ ನನ್ನ ಕಡೆ ತಿರುಗಿದ. "ನೀನೇ ಏಳಮ್ಮಿ ಮಂಗ್ಳಾ. ಅದ್ರ ಸಂಗ್ಡ ಇರೋಳು ನೀನು. ಆಯಿಸದಾ, ಬ್ಯಾಡ್ವಾ?"

ಬೀದಿಗೆ ಬೀದಿಯೇ ನನ್ನ ಮುಖ ನೋಡುತ್ತಿತ್ತು. "ಹಗ್ಗ ಇಡ್ದೋರೂ ಜೊತೇಲಿ ಆಯ್ಬೇಕಲ್ವಾ ತಾತ? ನೀನು ಒಳಗೆ ಕೂತ್ಕಂಡ್ರೆ ಆಯಿಸನ" ಎಂದೆ.

ತಾತ ನಾರನ್ನು ಹಿಂಡಿ ಪಕ್ಕಕ್ಕಿಟ್ಟ. ಆಮೇಲೆ, "ಸರಿ ಬುಡು" ಎಂದ.

ಸಂಜೆ ಮುಂದಿನ ಸೀಟಿನಲ್ಲಿ ಅಪ್ಪ, ತಾತ, ನಡುವೆ ನಾನು. ಅವ್ವ ಬೆಂಕಿಯ ಪಕ್ಕ ಎರಡು ಬಿಂದಿಗೆ ನೀರು ಇಟ್ಟುಕೊಂಡು, ನಮ್ಮ ಮೂವರನ್ನೂ ಒಟ್ಟಿಗೆ ಬಯ್ಯುತ್ತಾ ನಿಂತಿದ್ದಳು. ಊರಿನವರು ಹುಲ್ಲನ್ನು ತೆಳ್ಳಗೆ ಹರಡಿ ಬೆಂಕಿ ಕೊಟ್ಟರು. ದನಗಳೆಲ್ಲ ಹಾಯ್ದು ಮುಗಿದು ಉರಿ ಮೊಣಕಾಲೆತ್ತರಕ್ಕೆ ಇಳಿದ ಮೇಲೆ ನಮ್ಮ ಸರದಿ. ಅಪ್ಪ ಬೆವರುತ್ತಾ ಗೇರು ಹಾಕಿದ. ಗೆಜ್ಜೆ ಝಲ್ಲೆಂದಿತು. ಮುಂದಿನ ಚಕ್ರಗಳು ಬೆಂಕಿ ದಾಟಿದವು. ಅಷ್ಟೇ, ಒಂದು ಸಲ ಕೆಮ್ಮಿ ಕಾರು ನಿಂತುಬಿಟ್ಟಿತು.

ಕೆಳಗೆ ಹುಲ್ಲು ಚಟಪಟ ಎನ್ನುತ್ತಿತ್ತು. ಕಿಟಕಿಯಲ್ಲಿ ಹೊಗೆ ನುಗ್ಗಿತು. ಅಪ್ಪ ಕೀಲಿ ತಿರುಗಿಸುತ್ತಾನೆ, ಕಾರು ಮುಲುಗುತ್ತದೆ, ನಿಲ್ಲುತ್ತದೆ. ಹೊರಗೆ ಹೆಂಗಸರು ಕಿರುಚತೊಡಗಿದರು. ನಾನು ಕಣ್ಣು ಮುಚ್ಚಿ ತಾತನ ತೋಳಿಗೆ ಜೋತುಬಿದ್ದೆ. ಆಗ ತಾತ ಡ್ಯಾಶ್‌ಬೋರ್ಡಿಗೆ ಅಂಗೈಯಲ್ಲಿ ರಪ್ಪನೆ ಬಾರಿಸಿ ಕೂಗಿದ: "ಹೈ! ನಡ್ಯಲಾ ಗೌರಾ! ಎದ್ರುಬ್ಯಾಡ ನಡ್ಯಲಾ, ನಾನಿವ್ನಿ!"

ಕಾರು ಒಂದು ಸಲ ಜಿಗಿದು ಮುಂದಕ್ಕೆ ಓಡಿತು. ಅದು ಕೀಲಿಯಿಂದ ಸ್ಟಾರ್ಟ್ ಆಯಿತೆಂದು ಅಪ್ಪ ಇವತ್ತಿಗೂ ವಾದ ಮಾಡುತ್ತಾನೆ.

ಊರೆಲ್ಲ ಕೇಕೆ ಹಾಕಿತು. ಬಾಯಿಂದ ಯಾವ ಹೆಸರು ಬಂತೆಂದು ತಾತನಿಗೂ ಆಗಲೇ ಗೊತ್ತಾಗಿತ್ತು. ಕಣ್ಣಿಂದ ನೀರು ಇಳಿದು ಮೀಸೆ ಸೇರುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ನಿಧಾನವಾಗಿ ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, "ಬೆವರ್ಬುಟ್ಟದ ಕಣ್ಲಾ. ವಸಿ ನೀರ್ ಕುಡ್ಸು" ಎಂದ. ಅಪ್ಪ ಬಿಂದಿಗೆ ತಂದು ರೇಡಿಯೇಟರಿಗೆ ನೀರು ಹೊಯ್ದ.

ಅಲ್ಲಿಂದ ಮುಂದೆ ಎರಡು ವರ್ಷ ತಾತ ಬಸ್ಸಿನ ಮುಖ ನೋಡಲಿಲ್ಲ. ಮುಂದಿನ ಸೀಟಿನ ಕಿಟಕಿ ಪಕ್ಕ ಕೂತು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಹತ್ತಿಸಿಕೊಂಡು ಗುಂಡ್ಲುಪೇಟೆ ಸೇರುತ್ತಿದ್ದ. ಮೀನಿನ ವಾಸನೆ ಯಾರಾದರೂ ಎತ್ತಿದರೆ, "ಎಲ್ಲದಾ ಮೀನು? ನಿನ್ ಮೂಗಲ್ಲದ" ಎಂದು ಅವರನ್ನೇ ಗದರುತ್ತಿದ್ದ.

ಆಮೇಲೆ ಅಪ್ಪನಿಗೆ ವ್ಯಾಪಾರಕ್ಕೆ ಸರಕಿನ ಗಾಡಿ ಬೇಕಾಯಿತು. ಕುದೇರಿನವರೊಬ್ಬರು ಬಂದು ಅಂಬಾಸಿಡರ್ ಒಯ್ದರು. ತಾತ ಅವರಿಗೆ ಕೈ ಮುಗಿದು, "ಕಿಚ್ಚಾಯ್ದಿರೋ ಗಾಡಿ ಸ್ವಾಮಿ. ನಿಂತ್ರೆ ಒದೀಬ್ಯಾಡಿ, ಮಾತಾಡ್ಸಿ, ಓಯ್ತದ" ಎಂದ. ಅವರು ನಕ್ಕು ತಲೆಯಾಡಿಸಿದರು. ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮಧ್ಯಾಹ್ನ ನಾನು ಉಣ್ಣುವುದಿಲ್ಲವೆಂದು ಜಗಲಿಯಲ್ಲಿ ಮುಖ ಮುಚ್ಚಿ ಕೂತೆ. "ಒಂದು ತಗಡಿನ ಗಾಡಿಗೆ ಇಷ್ಟೊಂದಾ?" ಎಂದು ಅವ್ವ ರೇಗಿದಳು. ತಾತ ತನ್ನ ತಟ್ಟೆ ಸರಿಸಿ ಎದ್ದು, "ಬುಡವ್ವ, ಮಗೀಗೆ ಇವತ್ತು ತಿನ್ನಕ್ಕಾಗದಿಲ್ಲ. ನಂಗೊತ್ತು" ಎಂದು ಬಂದು ನನ್ನ ಪಕ್ಕ ಕೂತ. ಎತ್ತುಗಳು ಹೋದ ದಿನ ಅವನೂ ಉಂಡಿರಲಿಲ್ಲ. ಮೊಣಕಾಲು ನೋವಿರಬೇಕೆಂದು ನಾವು ಅವನ ಪಾಡಿಗೆ ಬಿಟ್ಟಿದ್ದೆವು. ಅದು ಮೊಣಕಾಲಿನ ನೋವಲ್ಲವೆಂದು ಅವತ್ತು ನನಗೆ ಹೊಳೆದು, ಕಾರಿಗಿಂತ ಹೆಚ್ಚಾಗಿ ಆ ದಿನಕ್ಕಾಗಿ ಅತ್ತೆ. ಸಂಜೆಯವರೆಗೆ ಇಬ್ಬರೂ ಹಾಗೇ ಕೂತಿದ್ದೆವು.

ತಾತ ಈಗಿಲ್ಲ. ನಾನು ಚಾಮರಾಜನಗರದಲ್ಲಿ ಟೀಚರ್ ಕೆಲಸದಲ್ಲಿದ್ದೇನೆ, ಈಗಿರುವುದು ನನ್ನ ಮೂರನೆಯ ಕಾರು. ಕಳೆದ ತಿಂಗಳು ಮೈಸೂರಿನ ಷೋರೂಮಿನಲ್ಲಿ ಹಳೆಯದರ ಕೀಲಿ ಕೊಟ್ಟು ಹೊಸದರ ಕೀಲಿ ಇಸಿದುಕೊಂಡೆ. ಏಳು ವರ್ಷ ನನ್ನನ್ನು, ನನ್ನ ಮಕ್ಕಳನ್ನು ಹೊತ್ತ ಗಾಡಿ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಲಿಲ್ಲ. ಮಕ್ಕಳೂ ಹಿಂದಿರುಗಿ ನೋಡಲಿಲ್ಲ. ದಾರಿಯಲ್ಲಿ ಹೋಟೆಲಿಗೆ ಹೋಗಿ ಎಲ್ಲರೂ ಹೊಟ್ಟೆ ತುಂಬ ಉಂಡೆವು.