ಇಪ್ಪತ್ತಾರು ಮೊಟ್ಟೆ, ಒಂದು ಹಂಡೆ ಬಿಸಿನೀರು

ಅಂದು ಬುಧವಾರ, ಬೆಳಗಿನ ಹತ್ತು ಗಂಟೆ ಐದು ನಿಮಿಷ. ನಾನು ನಿಂತಿದ್ದದ್ದು ಬೆಳಗಾವಿಯ ಅನಗೋಳದಲ್ಲಿ, ಜುಬೇದಾ ಅವರ ಮನೆಯ ಹಿಂಬಾಗಿಲ ಹೊರಗೆ, ನುಗ್ಗೆ ಗಿಡದಿಂದ ಎರಡು ಹೆಜ್ಜೆ ದೂರದಲ್ಲಿ. ಮೊಟ್ಟೆಗಳಿದ್ದ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ, ನನ್ನ ಕೈಯಲ್ಲಿದ್ದ ಥರ್ಮಾಮೀಟರ್ ಮೂವತ್ತನಾಲ್ಕು ಡಿಗ್ರಿ ತೋರಿಸುತ್ತಿತ್ತು. ಇರಬೇಕಾಗಿದ್ದದ್ದು ಮೂವತ್ತೇಳೂವರೆ. ಇದು ಮೂರು ವರ್ಷದ ಹಿಂದಿನ ಮಾತು. ಆಗ ನಾನು ಖಾನಾಪುರದ ಪಶು ಆಸ್ಪತ್ರೆಯಲ್ಲಿ ಜಾನುವಾರು ಅಧಿಕಾರಿ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು.

ಜುಬೇದಾ ಅವರ ತಾಯಿ ಖಾನಾಪುರದವರು, ನಮ್ಮ ಆಸ್ಪತ್ರೆಗೆ ಕೋಳಿ ತೋರಿಸಲು ಬರುತ್ತಿದ್ದವರು. ಅವರ ಬಳಿ ಕೊರಳಲ್ಲಿ ಗರಿಯಿಲ್ಲದ ಕರಿ ನಾಟಿ ಕೋಳಿಗಳಿದ್ದವು. ತಮ್ಮ ಮದುವೆಯಲ್ಲಿ ತವರಿನಿಂದ ತಂದ ಒಂದು ಜೋಡಿಯ ಸಂತತಿ. ಆ ವರ್ಷ ಕಾಡುಬೆಕ್ಕು ಎರಡು ಸಲ ಗೂಡಿಗೆ ನುಗ್ಗಿ ಒಂದನ್ನೂ ಉಳಿಸಲಿಲ್ಲ. ಉಳಿದದ್ದು ಬುಟ್ಟಿಯಲ್ಲಿ ಕೂಡಿಟ್ಟಿದ್ದ ಇಪ್ಪತ್ತೆಂಟು ಮೊಟ್ಟೆ. ಮುದುಕಿ ಅವನ್ನು ಹೊಟ್ಟಿನಲ್ಲಿ ಹುದುಗಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಗಳ ಮನೆಗೆ ತಂದರು. ಜುಬೇದಾ ಅವರ ಹಿತ್ತಲಿನಲ್ಲಿ ಆರು ಕೋಳಿಗಳಿದ್ದವು. ಮೂವತ್ತು ಮಾಡಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು.

ಅವರ ಒಂದು ಕೋಳಿ ಆಗಲೇ ಕಾವಿಗೆ ಕೂತಿತ್ತು. ಇನ್ನೊಂದನ್ನು ಪಕ್ಕದ ಓಣಿಯಿಂದ ತಂದು, ಮೊಟ್ಟೆಗಳನ್ನು ಎರಡಕ್ಕೂ ಹಂಚುವುದು ಅವರ ಯೋಚನೆ. ಬೇಡವೆಂದವನು ನಾನು. ಕೋಳಿ ಎದ್ದು ಹೋದರೆ, ತುಳಿದು ಒಡೆದರೆ ಏನು ಮಾಡುತ್ತೀರಿ ಎಂದು ಹೆದರಿಸಿ, ಬಲ್ಬಿನ ಶಾಖದಲ್ಲಿ ಮರಿ ಮಾಡುವ ಥರ್ಮೋಕೋಲ್ ಪೆಟ್ಟಿಗೆಯ ಇನ್‌ಕ್ಯುಬೇಟರ್ ಕೊಡಿಸಿದೆ. ಕಾವಿಗೆ ಕೂತಿದ್ದ ಕೋಳಿಯನ್ನು ಗಾಳಿಯಾಡುವ ಬುಟ್ಟಿಯಡಿ ಮುಚ್ಚಿಟ್ಟು ಅದರ ಕಾವನ್ನೂ ಬಿಡಿಸಿದೆ. ಏಳನೆಯ ದಿನ ಮೊಬೈಲಿನ ಬೆಳಕು ಹಿಡಿದು ನೋಡಿದಾಗ ಎರಡು ಮೊಟ್ಟೆ ಬರಿದಾಗಿದ್ದವು. ಉಳಿದ ಇಪ್ಪತ್ತಾರರಲ್ಲಿ ಜೀವವಿತ್ತು.

ಮರಿ ಹೊರಬರಲು ಇಪ್ಪತ್ತೊಂದು ದಿನ ಬೇಕು. ಆ ಬುಧವಾರ ಇಪ್ಪತ್ತನೆಯ ದಿನ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಎರಡು ಮೊಟ್ಟೆಗಳಲ್ಲಿ ಬಿರುಕು ಕಾಣಿಸಿದೆ ಎಂದು ಫೋನ್ ಬಂತು. ನಾನು ರಜೆ ಹಾಕಿ ಟಿಳಕವಾಡಿಯ ಮನೆಯಿಂದ ಸ್ಕೂಟರಿನಲ್ಲಿ ಹೊರಟೆ. ನಾನು ಮುಟ್ಟುವ ಹೊತ್ತಿಗೆ ಕರೆಂಟ್ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ತಂತಿ ಕೆಲಸಕ್ಕಾಗಿ ಸಂಜೆ ಐದರವರೆಗೆ ಕರೆಂಟ್ ಇಲ್ಲವೆಂದು ಹಿಂದಿನ ದಿನದ ಪೇಪರಿನಲ್ಲೇ ಬಂದಿತ್ತು. ಆ ಪೇಪರನ್ನು ಜುಬೇದಾ ಓದದೆ ಕೋಳಿಗೂಡಿನಲ್ಲಿ ಹಾಸಿದ್ದರು. ಆ ಪ್ರಕಟಣೆಯನ್ನು ನಾನು ಓದಿದ್ದು ಅಲ್ಲಿ, ಕೋಳಿಯ ಕಾಲ ಸಂದಿಯಲ್ಲಿ.

"ಸಾಹೇಬ್ರ, ಈಗ ಕೋಳಿ ತಂದು ಕೂಡಸೂಣೇನ್ರಿ?" ಎಂದರು ಜುಬೇದಾ.

ಕಾವಿಲ್ಲದ ಕೋಳಿ ಈಗ ಕೂರುವುದಿಲ್ಲ ಎಂದೆ. ಕಾವು ಬಿಡಿಸಿದ ಕೋಳಿ ನನ್ನ ಎದುರಿಗೇ ಮಣ್ಣು ಕೆದರುತ್ತಿತ್ತು. ಮುದುಕಿ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ಕೂತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಗ ಎದೆಮಟ್ಟದ ಗೋಡೆಯ ಆಚೆಯಿಂದ ಗಂಗವ್ವ ಇಣುಕಿದರು. ಅವರು ಲಿಂಗಾಯತರು, ವಯಸ್ಸು ಅರವತ್ತೆಂಟು. ಇಪ್ಪತ್ತೆರಡು ವರ್ಷ ಆ ಗೋಡೆಯ ಮೇಲಿಂದ ಹೋಳಿಗೆ, ಹಪ್ಪಳ, ಕರಿಬೇವು, ಬೈಗುಳ ಎಲ್ಲ ದಾಟಿವೆ. ಮೊಟ್ಟೆ ಮಾತ್ರ ದಾಟಿಲ್ಲ. ತಪ್ಪಿ ಹೋದ ಕೋಳಿಯನ್ನೂ ಅವರು ಕೋಲಿನಿಂದಲೇ ವಾಪಸು ಕಳಿಸುತ್ತಿದ್ದರು.

"ಏನ ಜುಬೇದಾ, ಸತ್ತೋರ ಮನಿ ಹಂಗ ಕುಂತೀರಲ್ಲ?"

ವಿಷಯ ತಿಳಿದ ಮೇಲೆ ಅವರು ಹೇಳಿದ್ದು ಇಷ್ಟು: "ನಮ್ಮ ಬಚ್ಚಲದಾಗ ಹಂಡೆ ತುಂಬ ನೀರು ಕಾದಾವ. ಕಟಗಿ ಒಲಿ, ಅದಕ್ಕ ಕರೆಂಟ್ ಬೇಕಾಗಿಲ್ಲ. ನೀರ ಕೊಡ್ತೇನಿ. ತತ್ತಿ ಮಾತ್ರ ನಾ ಮುಟ್ಟಂಗಿಲ್ಲ, ಮೊದಲ ಹೇಳೇನಿ."

ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ನಾಲ್ಕು ಮೂಲೆಗೆ ಇಟ್ಟೆವು. ಗಾಳಿಯ ರಂಧ್ರ ಬಿಟ್ಟು, ಗಂಗವ್ವನವರು ಹೊಲಿದ ಕೌದಿಯನ್ನು ಮೇಲೆ ಹೊದಿಸಿದೆವು. ಹತ್ತೂ ನಲವತ್ತಕ್ಕೆ ಮೂವತ್ತಾರು. ಹನ್ನೊಂದಕ್ಕೆ ಮೂವತ್ತೇಳೂವರೆ. ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಬೇಕಿತ್ತು. ನಾವು ಗೋಡೆ ಸುತ್ತಿ ಓಡಾಡುವುದನ್ನು ನೋಡಿ ಸಾಕಾಗಿ, ಗಂಗವ್ವ ಬಿಂದಿಗೆ ಹಿಡಿದು ಈಚೆಗೇ ಬಂದು ನಿಂತರು.

ಕಾವು ಕಡಿಮೆಯಾದರೆ ಮರಿ ತಡವಾಗುತ್ತದೆ, ಹೆಚ್ಚಾದರೆ ಸಾಯುತ್ತದೆ. ಒಂದೂವರೆಗೆ ಅದೇ ಆಗುವುದರಲ್ಲಿತ್ತು. ಒಂದು ಬಾಟಲಿ ಸುತ್ತಿದ ಬಟ್ಟೆಯಿಂದ ಜಾರಿ, ಬಿರುಕು ಬಿಟ್ಟಿದ್ದ ಮೊಟ್ಟೆಗೆ ತಾಗಿ ನಿಂತಿತು. ಜುಬೇದಾ ಮತ್ತು ಅವರ ತಾಯಿ ಎರಡು ಕಡೆಯಿಂದ ಕೌದಿ ಎತ್ತಿ ಹಿಡಿದಿದ್ದರು. ನಾನು ಎರಡೂ ಕೈಯಿಂದ ಆಚೆ ಮೂಲೆಯ ಬಾಟಲಿ ಎತ್ತುತ್ತಿದ್ದೆ. "ಆ ಮೊಟ್ಟೆ ಸರಿಸ್ರಿ!" ಎಂದು ಕೂಗಿದೆ. ಕೈ ಖಾಲಿ ಇದ್ದದ್ದು ಗಂಗವ್ವನವರದು ಮಾತ್ರ.

ಅವರು ಒಂದು ಕ್ಷಣ ನಿಂತರು. ಒಳಗಿನಿಂದ ಚಿಂವ್ ಎಂಬ ಸಣ್ಣ ದನಿ ಬಂತು. ಬಗ್ಗಿ, ಮೊಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದು ಮಧ್ಯಕ್ಕೆ ಇಟ್ಟರು.

"ಅಯ್ಯ ಅಕ್ಕಾ, ಮುಟ್ಟಿದ್ರಿ!" ಜುಬೇದಾ ಬಾಯಿ ತೆರೆದರು.

"ಒಳಗ ಕೂಸು ಮಾತಾಡಾಕತ್ತೈತಿ. ಅದು ತತ್ತಿ ಹೆಂಗ ಆಕ್ಕೈತಿ? ಸುಮ್ಮನ ಕೌದಿ ಹಿಡಿ."

ಆ ಮೊಟ್ಟೆಯೇ ಮೊದಲು ಒಡೆಯಿತು, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಹೊರಬಂದದ್ದು ಕೊರಳು ಬೋಳಾದ, ಒದ್ದೆ ಕರಿ ಮರಿ. ಮುದುಕಿ ಅಳುತ್ತಳುತ್ತ ನಕ್ಕರು. ಕರೆಂಟ್ ಬಂದದ್ದು ಐದೂ ಇಪ್ಪತ್ತಕ್ಕೆ. ಗುರುವಾರ ಸಂಜೆಯೊಳಗೆ ಇಪ್ಪತ್ತಮೂರು ಮರಿಗಳಾದವು. ಮೂರು ಮೊಟ್ಟೆ ಒಡೆಯಲಿಲ್ಲ. ಆ ಮೂರು ನನ್ನ ಲೆಕ್ಕಕ್ಕೆ.

ಮುಂದಿನ ಏಳು ತಿಂಗಳು ಯಾರಿಗೇ ಇನ್‌ಕ್ಯುಬೇಟರ್ ಹೇಳಿದರೂ, ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬೇಡಿ ಎಂದೂ ಹೇಳಿದೆ. ಯಂತ್ರ ನಿಂತರೆ ಏನು ಗತಿ, ನೀರು ಕಾಯುವ ಹಂಡೆ ಯಾರ ಮನೆಯಲ್ಲಿದೆ, ಇದನ್ನು ಕೇಳದೆ ಸಲಹೆ ಕೊಡಬಾರದೆಂದು ನೌಕರಿ ನನಗೆ ಕೊನೆಯಲ್ಲಿ ಕಲಿಸಿತು.

ಅಂದು ಇದನ್ನು ಕಂಡವರು ನನ್ನ ಹೊರತು ಮೂವರು: ಜುಬೇದಾ, ಅವರ ತಾಯಿ, ಗಂಗವ್ವ. ಮೂವರೂ ಗಟ್ಟಿಯಾಗಿದ್ದಾರೆ. ಅಂದು ಮೊದಲು ಹೊರಬಂದ ಆ ಮರಿಯೂ ಇದೆ, ಈಗ ದಪ್ಪನೆಯ ಕೋಳಿ. ಹಿತ್ತಲಿನಲ್ಲಿ ಅಷ್ಟು ಬುಟ್ಟಿಗಳಿದ್ದರೂ ಅದು ಗೋಡೆ ಹಾರಿ, ಗಂಗವ್ವನವರ ಹಂಡೆಯ ಪಕ್ಕದ ಕಟ್ಟಿಗೆ ರಾಶಿಯಲ್ಲೇ ಮೊಟ್ಟೆ ಇಡುತ್ತದೆ. ಅವರು ಈಗ ಕೋಲು ಎತ್ತುವುದಿಲ್ಲ. ಗೋಡೆಯ ಬಳಿ ಬಂದು ಕೂಗುತ್ತಾರೆ: "ಜುಬೇದಾ, ನಿನ್ನ ಮಗಳು ತತ್ತಿ ಇಟ್ಟಾಳ. ಬಂದು ಒಯ್ಯಿ, ನಾ ಮುಟ್ಟಂಗಿಲ್ಲ!"