ಪರಕ್ಕೆ ಕರೆಯಲು ಹೊರಟ ಜನರಲ್ಲು

ವಾಯುಪಡೆಯಲ್ಲಿ ಜನರಲ್ ಎಂಬ ಹುದ್ದೆಯೇ ಇಲ್ಲ. ಭೂಸೇನೆಯವರು ಮೇಜರ್ ಜನರಲ್ ಎನ್ನುವ ಮೆಟ್ಟಿಲಿಗೆ ನಮ್ಮಲ್ಲಿ ಏರ್ ವೈಸ್ ಮಾರ್ಷಲ್ ಎನ್ನುತ್ತಾರೆ. ನಿವೃತ್ತನಾಗಿ ಅರಕೆರೆ ಪಕ್ಕದ ನಮ್ಮೂರಿಗೆ ಬಂದ ಹೊಸದರಲ್ಲಿ ಇದನ್ನು ಬಿಡಿಸಿ ಹೇಳಲು ಹೋಗಿ ಸೋತೆ. ಮಾರ್ಷಲ್ ಎಂದರೆ ಊರಿನವರಿಗೆ ಒಂದು ಕಾಲದಲ್ಲಿ ಸರ್ವೀಸ್ ಓಡುತ್ತಿದ್ದ ಜೀಪು. ವೈಸ್ ಎಂದರೆ ಪಂಚಾಯ್ತಿ ಉಪಾಧ್ಯಕ್ಷ. ಹಾಗಾದರೆ ಅಧ್ಯಕ್ಷ ಬೇರೆ ಯಾರೋ ಇರಬೇಕು ಎಂದು ಅವರಿಗೆ ಅನುಮಾನ. ಕೊನೆಗೆ ನಮ್ಮವ್ವನೇ ತೀರ್ಮಾನ ಕೊಟ್ಟಳು.

"ಅದೆಲ್ಲ ಬ್ಯಾಡ. ನನ್ ಮಗ ಜನರಲ್ಲು, ಅಷ್ಟೇಯ."

ಅಂದಿನಿಂದ ಹಾಲಿನ ಡೇರಿಯ ಮುಂದೆ ಹಾದರೂ ನಾನು ಜನರಲ್ಲೇ. ನಾನೂ ತಿದ್ದುವುದನ್ನು ಬಿಟ್ಟೆ. ಸುಳ್ಳೇಕೆ, ಕೇಳಲು ಚೆನ್ನಾಗಿಯೇ ಇರುತ್ತದೆ.

ಅವ್ವನಿಗೆ ಎಂಬತ್ತು ದಾಟಿದೆ. ಹಲ್ಲು ಬಹುಪಾಲು ಹೋಗಿವೆ, ದನಿ ಮಾತ್ರ ಒಂದಿಷ್ಟೂ ಇಳಿದಿಲ್ಲ. ನಾನು ಬಂದು ಪೆಟ್ಟಿಗೆ ಬಿಚ್ಚುವ ಮೊದಲೇ ಆಜ್ಞೆ ಹೊರಟಿತು. "ಇನ್ನು ಪರ ಮಾಡ್ಬೇಕು ಕಣ್ಲಾ. ನೆಂಟ್ರನ್ನೆಲ್ಲ ನೀನೇ ಓಗಿ ಕರೀಬೇಕು." ನಮ್ಮ ಕಡೆ ಪರ ಎಂದರೆ ಊರಾಚೆಯ ದೇವತೆಯ ಮುಂದೆ ಕುರಿ ಕಡಿದು, ಮುದ್ದೆ ಮತ್ತು ಬಾಡಿನ ಸಾರು ಮಾಡಿ, ನೆಂಟರಿಷ್ಟರಿಗೆಲ್ಲ ಊಟ ಹಾಕುವುದು. ಬಾಡು ಎಂದರೆ ಮಾಂಸ. ಅದಿಲ್ಲದ ಪರ ಪರವೇ ಅಲ್ಲ. ನನ್ನ ನಿವೃತ್ತಿಯ ಗೌರವಕ್ಕಾಗಿ ಇಷ್ಟೆಲ್ಲ ಸಡಗರ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಆಗ ನನ್ನ ಮನಸ್ಸಿನಲ್ಲಿ ಇನ್ನೊಂದು ಸಂಗತಿಯಿತ್ತು. ಪಕ್ಕದ ರಾಜ್ಯದ ಒಂದು ವಿಮಾನ ತರಬೇತಿ ಶಾಲೆಯವರು ಪಾಠ ಹೇಳಲು ಬನ್ನಿ ಎಂದು ಕರೆದಿದ್ದರು. ಚಿಕ್ಕ ವಿಮಾನ, ಎಳೆಯ ವಿದ್ಯಾರ್ಥಿಗಳು. ಒಪ್ಪಿಕೊಳ್ಳುವುದೆಂದು ಮುಕ್ಕಾಲುಪಾಲು ನಿಶ್ಚಯ ಮಾಡಿಬಿಟ್ಟಿದ್ದೆ. ಹೆಂಡತಿಗೆ ಮಾತ್ರ ಗೊತ್ತಿತ್ತು. "ನೀವು ದಿನವಿಡೀ ಮನೆಯಲ್ಲಿ ಕೂತರೆ ನನಗೇ ತೊಂದರೆ, ಹೋಗಿ" ಎಂದು ಆಶೀರ್ವಾದ ಮಾಡಿದ್ದಳು. ಪರ ಮುಗಿದ ಮೇಲೆ ಅವ್ವನಿಗೆ ಹೇಳಿದರಾಯಿತು ಎಂದು ಸುಮ್ಮನಿದ್ದೆ.

ಪರಕ್ಕೆ ಫೋನಿನಲ್ಲಿ ಕರೆದರೆ ಕರೆದಂತಲ್ಲ. ಮನೆ ಬಾಗಿಲಿಗೆ ಹೋಗಬೇಕು, ಒಳಗೆ ಕೂರಬೇಕು, ಅವರು ಕೊಟ್ಟದ್ದನ್ನು ತಿನ್ನಬೇಕು. ನಮ್ಮ ನೆಂಟರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಹೀಗೆ ನಾಲ್ಕು ತಾಲ್ಲೂಕಿನಲ್ಲೂ ಚೆಲ್ಲಿಕೊಂಡಿದ್ದಾರೆ. ಕಾರು ಓಡಿಸಲು ನನ್ನ ಶಾಲೆಯ ಗೆಳೆಯ ಸಿಕ್ಕಿದ. ಶ್ರೀರಂಗಪಟ್ಟಣದ ಮುಸಲ್ಮಾನರ ಮನೆಯವನು, ಲಾರಿಗಳ ಮಾಲೀಕ, ನನಗಿಂತ ಹೆಚ್ಚು ನರೆತವನು. ನಾನೇ ಓಡಿಸುತ್ತೇನೆ ಎಂದಿದ್ದಕ್ಕೆ ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡ. "ನಿಂಗೆ ಎದ್ರುಗಡೆಯಿಂದ ಕಬ್ಬಿನ ಗಾಡಿ ಬಂದು ಅಭ್ಯಾಸ ಇಲ್ಲ ಯಾರ್. ಮ್ಯಾಲೆ ಯಾರೂ ಅಡ್ಡ ಬರಾಕಿಲ್ಲ."

ಅವನು ಹೇಳಿದ್ದು ಸರಿ. ಪಾಂಡವಪುರದ ದಾರಿಯಲ್ಲಿ ಕಬ್ಬು ಹೇರಿದ ಟ್ರಾಕ್ಟರುಗಳ ಹಿಂದೆ ಆಮೆಯ ಹಾಗೆ ಸಾಗಿದೆವು. ವರ್ಷಗಳ ಹಿಂದೆ ಒಮ್ಮೆ, ತರಬೇತಿಯ ಹಾರಾಟವೊಂದರಲ್ಲಿ, ಇದೇ ಸೀಮೆಯ ಮೇಲೆ ಹಾದುಹೋಗಿದ್ದೆ. ಬಹಳ ಎತ್ತರದಿಂದ ಕಾವೇರಿ ಎರಡಾಗಿ ಸೀಳಿ ಶ್ರೀರಂಗಪಟ್ಟಣವನ್ನು ಬಳಸಿ ಮತ್ತೆ ಸೇರುವುದು ಕಂಡಿತು. ಅವ್ವ ಈಗ ಎಲ್ಲಿ ಕಳೆ ಕೀಳುತ್ತಿರಬಹುದು ಎಂದು ಹುಡುಕುವಷ್ಟರಲ್ಲಿ ನಾಲ್ಕು ತಾಲ್ಲೂಕೂ ಮುಗಿದುಹೋಗಿದ್ದವು. ಹಲ್ಲುಜ್ಜುವಷ್ಟು ಹೊತ್ತು ಹಿಡಿಯಿತೋ ಇಲ್ಲವೋ. ಈಗ ಅದೇ ನೆಲವನ್ನು ಕಾರಿನಲ್ಲಿ ಸುತ್ತಿ ಬರಲು ದಿನಗಳೇ ಬೇಕಾದವು, ಏಕೆಂದರೆ ಪ್ರತಿ ಮನೆಯಲ್ಲೂ ಎಲೆ ಹಾಕುತ್ತಿದ್ದರು.

ಎಲ್ಲ ಕಡೆಯೂ ಪ್ರಶ್ನೆಗಳು. ಪಾಂಡವಪುರದ ಸೋದರಮಾವ ಎಷ್ಟು ಎತ್ತರ, ಎಷ್ಟು ವೇಗ ಎಂದೆಲ್ಲ ಕೇಳಿ ತಲೆದೂಗಿ, ಕೊನೆಗೆ ಮುಖ್ಯ ವಿಷಯಕ್ಕೆ ಬಂದರು. "ಮೈಲೇಜ್ ಎಷ್ಟು ಕೊಡ್ತದಪ್ಪ?" ನಾನು ಹೇಳಿದ ಉತ್ತರ ಕೇಳಿ ಅವರಿಗೆ ನನ್ನ ಮೇಲಿದ್ದ ಗೌರವ ಅರ್ಧಕ್ಕಿಳಿಯಿತು. ಅತ್ತೆ ಮಾತ್ರ, ಅಷ್ಟು ಜೋರಾಗಿ ತಿರುಗುವಾಗ ಮೈಗೆ ಏನಾಗುತ್ತದೆ ಎಂದು ಕೇಳಿದರು. ತಲೆಯ ಮೇಲೆ ನಾಲ್ಕಾರು ಮೂಟೆ ಭತ್ತ ಹೇರಿದ ಹಾಗಾಗುತ್ತದೆ, ಕಣ್ಣು ಕತ್ತಲಿಡುತ್ತದೆ, ಹೊಟ್ಟೆ ಬಿಗಿ ಹಿಡಿದು ಉಸಿರಾಡಬೇಕು ಎಂದೆ. "ಅಂಗಾದ್ರೆ ಇನ್ನೊಂದು ಮುದ್ದೆ ಉಣ್ಣಪ್ಪ" ಎಂದು ಬಡಿಸಿಯೇ ಬಿಟ್ಟರು.

ಹೇಳಿಕೊಳ್ಳಲು ನನಗೂ ಖುಷಿ. ಮೊದಲ ಬಾರಿ ಮೇಷ್ಟರು ಇಳಿದುಹೋಗಿ ನನ್ನೊಬ್ಬನನ್ನೇ ಮೇಲಕ್ಕೆ ಕಳಿಸಿದ ದಿನ ವಿಮಾನದೊಳಗೆ ಗಟ್ಟಿಯಾಗಿ ಹಾಡಿದ್ದೆ. ರಾಜಸ್ಥಾನದಲ್ಲಿ ಮರಳು, ಅಸ್ಸಾಮಿನಲ್ಲಿ ಮುಗಿಲು, ಆಮೇಲೆ ಒಂದು ಸ್ಕ್ವಾಡ್ರನ್ನಿನ ಯಜಮಾನಿಕೆ, ಆಮೇಲೆ ಒಂದು ಇಡೀ ನೆಲೆಯ ಜವಾಬ್ದಾರಿ. ಹುದ್ದೆ ಏರಿದಂತೆ ವಿಮಾನ ದೂರವಾಗುತ್ತದೆ, ಅದು ನಮ್ಮ ಕಸುಬಿನ ರೀತಿ. ಜನರಲ್ಲಾದ ಮೇಲಂತೂ ದಿಲ್ಲಿಯ ಕಚೇರಿಯಲ್ಲಿ ಫೈಲುಗಳ ನಡುವೆ ಕೂತು, ಕಿಟಕಿಯಾಚೆ ವಿಮಾನದ ಸದ್ದು ಕೇಳಿದರೆ ಅದು ಯಾವುದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅಲ್ಲೊಮ್ಮೆ ಇಲ್ಲೊಮ್ಮೆ ಹಾರುವ ಅವಕಾಶ ಸಿಕ್ಕಿದರೆ ಬಿಡುತ್ತಿರಲಿಲ್ಲ. ಆ ಹುಚ್ಚು ಬಿಟ್ಟಿಲ್ಲ.

ಕೆ.ಆರ್. ಪೇಟೆಯಲ್ಲಿ ನನ್ನ ಅಕ್ಕನ ಮನೆ. ನಮ್ಮಿಬ್ಬರನ್ನೂ ಕೂರಿಸಿ ಬಡಿಸುತ್ತಾ ಅಕ್ಕ ನಗುನಗುತ್ತಾ ಹೇಳಿದಳು. "ಅಂತೂ ಅವ್ವ ಇನ್ನಾದ್ರೂ ಒಂದ್ ತುಂಡು ಬಾಡು ಬಾಯ್ಗಾಕ್ತಾಳೆ."

"ಅವ್ವಂಗೆ ಎಷ್ಟೋ ವರ್ಷದಿಂದ ಬಾಡು ಸೇರಲ್ವಲ್ಲಕ್ಕ" ಎಂದೆ.

ಅಕ್ಕ ಗೆಳೆಯನ ಮುಖ ನೋಡಿದಳು. ಅವನು ಎಲೆ ನೋಡಿಕೊಂಡ.

"ಸೇರಲ್ಲ ಅಂತ ನಿಂಗ್ಯಾರ್ಲಾ ಯೇಳಿದ್ದು? ನಾವ್ ಸಣ್ಣೋರಾಗಿದ್ದಾಗ ನಮ್ ಕೈಯಿಂದ ಮೂಳೆ ಕಿತ್ಕೊಂಡು ಚೀಪೋಳು. ನೀನು ಕೆಲ್ಸ ಸೇರ್ಕೊಂಡು ಮೊದಲ್ನೇ ಸಲ ರಜಕ್ಕೆ ಬಂದಿದ್ದೆ ನೋಡು. ಈ ವಿಮಾನದಾಗೆ ನಾನೊಬ್ನೇ ಕುಂತ್ಕೊಳೋದು, ಬ್ಯಾರೆ ಯಾರೂ ಇರಾಕಿಲ್ಲ ಅಂದ್ಯಲ್ಲ, ಅವತ್ತೇ ಬುಟ್ಳು. ನನ್ ಮಗ ಅದ್ರಿಂದ ಪೂರ್ತಿ ಇಳಿಯೋಗಂಟ ಮುಟ್ಟಾಕಿಲ್ಲ ಅಂತ ದೇವ್ರ ಮುಂದೆ ಕೈಮುಗುದ್ಬುಟ್ಳು. ಈ ಪರ ಅದ್ಕೇ ಕಣ್ಲಾ. ನಿನ್ ಜನರಲ್ಗಿರಿಗಲ್ಲ."

"ನಂಗ್ಯಾಕೆ ಯೇಳ್ಲಿಲ್ಲ?"

"ಯೇಳಿದ್ರೆ ಮ್ಯಾಲಕ್ಕೋದಾಗ ಅದೇ ಯೋಚ್ನೆ ಮಾಡ್ತಾನೆ, ಅಲ್ಲಿ ಅವನ್ ತಲೇಲಿ ವಿಮಾನ ಬುಟ್ಟು ಬ್ಯಾರೆ ಏನೂ ಇರ್ಬಾರ್ದು ಅಂದ್ಳು. ನಮ್ ಬಾಯ್ಗೂ ಬೀಗ ಹಾಕ್ಸಿದ್ಳು."

ಗೆಳೆಯ ಆಗ ಬಾಯಿಬಿಟ್ಟ. "ನಮ್ಮನೆ ಶಾದೀಲೂ ಬಿರಿಯಾನಿ ಮುಟ್ಲಿಲ್ಲ ನಿಮ್ಮವ್ವ. ಮೊಸರನ್ನ ತಿಂದು ಎದ್ದೋದ್ರು. ಊರಿಗೆಲ್ಲ ಗೊತ್ತು."

ಮೂವತ್ತು ಚಿಲ್ಲರೆ ವರ್ಷ. ಪ್ರತಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಊರಿಡೀ ಬಾಡಿನ ಘಮಲು ತುಂಬಿದಾಗ ಅವ್ವ ಒಲೆಯ ಮುಂದೆ ಕೂತು ಎಲ್ಲರಿಗೂ ಬೇಯಿಸಿ, ತನಗೆ ಸೊಪ್ಪಿನ ಸಾರು ಬಗ್ಗಿಸಿಕೊಂಡಿದ್ದಳು. ಅಪ್ಪ ತೀರಿಕೊಂಡ ಮೇಲೆ ಪಿತೃಪಕ್ಷದಲ್ಲಿ ಅವನಿಗೆ ಪ್ರಿಯವಾದ ಚಾಪ್ಸು ಮಾಡಿ ಎಡೆ ಇಟ್ಟವಳೂ ಅವಳೇ. ಉಪ್ಪು ಸರಿಯಾಗಿದೆಯಾ ನೋಡು ಎಂದು ಸೌಟನ್ನು ನನ್ನ ಅಂಗೈಗೆ ಬಗ್ಗಿಸುತ್ತಿದ್ದುದು ಏಕೆಂದು ಈಗ ಗೊತ್ತಾಯಿತು. ಅಕ್ಕನ ಮುಂದೆಯೇ ಕಣ್ಣಲ್ಲಿ ನೀರು ಬಂತು. ಅಕ್ಕ "ಜನರಲ್ಲು ಅಳ್ತಾವ್ನೆ ನೋಡ್ರಪ್ಪ" ಎಂದು ಗೆಳೆಯನಿಗೆ ತೋರಿಸಿ, ತಾನೂ ಸೆರಗಿನಿಂದ ಮೂಗು ಒರೆಸಿಕೊಂಡಳು.

ನಾಗಮಂಗಲದ ಮನೆಗಳನ್ನು ಮುಗಿಸಿ ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆ ನಿಂತಿದ್ದಾಗ ತರಬೇತಿ ಶಾಲೆಯಿಂದ ಫೋನು ಬಂತು. ಪರ ಮುಗಿದ ಮಾರನೆಯ ದಿನ ತಿಳಿಸುತ್ತೇನೆ ಎಂದು ಇಟ್ಟೆ. ಗೆಳೆಯ ಬಿಡಲಿಲ್ಲ, ಎಲ್ಲವನ್ನೂ ಕಕ್ಕಿಸಿದ.

"ಸುಮ್ನಿರು ಯಾರ್. ಪರ ಮುಗೀಲಿ, ಅವ್ರು ತಿನ್ಲಿ. ಆಮೇಲೆ ವಿಮಾನ ಅತ್ಕೊಂಡು ಓಗು. ಯಾರ್ ಕೇಳ್ತಾರೆ?"

"ನಾನು ಮತ್ತೆ ಹತ್ತಿದ್ರೆ ಅವ್ವ ಮತ್ತೆ ಬಾಡು ಬಿಡ್ತಾಳೆ ಕಣೋ. ಬೇಡ ಅಂತ ಹೇಳಿಬಿಡ್ತೀನಿ."

"ಇಷ್ಟೊತ್ತು ಪೈಲಟ್ ಥರ ಇದ್ದೆ. ಈಗ ನಿನ್ ಮಖ ಪಂಚರ್ ಆದ ಲಾರಿ ಥರ ಐತೆ" ಎಂದು ಅವನು ಕಾಫಿಯ ದುಡ್ಡು ಕೊಡಲು ಹೋದ.

ಪರದ ದಿನ ಬೆಳಕು ಹರಿಯುವ ಮೊದಲೇ ಊರಾಚೆಯ ಹುಣಸೆಮರಗಳ ಕೆಳಗೆ ಒಲೆಗಳು ಹೊತ್ತಿದವು. ಗೆಳೆಯನ ಮನೆಯವರೂ ಉಣ್ಣಬೇಕೆಂದು ಅವ್ವ ಒಂದು ಕುರಿಯನ್ನು ಅವರ ಪದ್ಧತಿಯಂತೆ ಕೊಯ್ಯಿಸಿ ಬೇರೆ ಪಾತ್ರೆಯಲ್ಲಿ ಮಾಡಿಸಿದ್ದಳು. ಗಂಡಸರು ದೊಡ್ಡ ಕೊಪ್ಪರಿಗೆಗಳಲ್ಲಿ ಮುದ್ದೆ ತೊಳಸಿದರು. ನಾನೂ ಕೋಲು ಹಿಡಿದೆ. ಗಂಟು ಬಿದ್ದಿತು. ಜನರಲ್ಲನ್ನು ಪಕ್ಕಕ್ಕೆ ಕಳಿಸಿ ಈರುಳ್ಳಿ ಸುಲಿಯಲು ಕೂರಿಸಿದರು. ಮಾವ ಬಂದರು, ಅತ್ತೆ ಬಂದರು, ನಾಗಮಂಗಲದವರು ಒಂದು ಟೆಂಪೋ ತುಂಬಾ ಬಂದರು. ಇಷ್ಟು ಜನರ ನಡುವೆ, ಇಷ್ಟು ನಗುವಿನ ನಡುವೆ ನಾನು ಎಷ್ಟೋ ವರ್ಷಗಳಿಂದ ಕೂತಿರಲಿಲ್ಲ.

ಮೊದಲ ಪಂಕ್ತಿಯಲ್ಲಿ ಅವ್ವನನ್ನು ಕೂರಿಸಿದರು, ಅವಳ ಪಕ್ಕ ನಾನು, ಆ ಕಡೆ ಅಕ್ಕ. ಬಡಿಸಲು ಗೆಳೆಯನೇ ಸೌಟು ಹಿಡಿದಿದ್ದ. ಮೆತ್ತಗೆ ಬೆಂದ ತುಂಡುಗಳನ್ನು ಹುಡುಕಿ ಅವ್ವನ ಎಲೆಗೆ ಹಾಕಿದ. ನಿಂತವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವ್ವ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು, ಒಂದು ತುಂಡು ಕೈಗೆತ್ತಿಕೊಂಡಳು, ನನ್ನ ಕಡೆ ತಿರುಗಿದಳು.

"ಇನ್ ಮ್ಯಾಲೆ ವಿಮಾನ ಅತ್ತಾಕಿಲ್ಲ ತಾನೆ?"

ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ನಾನು ಅದನ್ನೇ ಹೇಳಬೇಕೆಂದು ಬಂದು ಕೂತಿದ್ದೆ. ಆದರೆ ಅವಳ ಕಣ್ಣು ನೋಡಿದ ಮೇಲೆ ಕೆಲಸದ ವಿಷಯ ಮುಚ್ಚಿಡಲು ಮನಸ್ಸಾಗಲಿಲ್ಲ.

"ಒಂದು ಕೆಲಸ ಬಂದಿತ್ತು ಕಣವ್ವ. ಬ್ಯಾಡ ಅಂತ ಯೇಳ್ಬುಡ್ತೀನಿ."

ಅವ್ವ ತುಂಡನ್ನು ಎಲೆಯಲ್ಲಿಟ್ಟಳು. "ಏನ್ ಕೆಲ್ಸ?"

"ಹುಡುಗರಿಗೆ ವಿಮಾನ ಓಡ್ಸೋದು ಕಲ್ಸೋದು."

"ನೀನೂ ಜೊತೇಲಿ ಓಗ್ಬೇಕಾ?"

"ಊಂ. ಪಕ್ಕದಲ್ಲೇ ಕುಂತ್ಕೊಂಡು."

ಅಕ್ಕ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಗೆಳೆಯ ಸೌಟು ಹಿಡಿದು ನಿಂತೇ ಇದ್ದ. ಅವ್ವ ಬೆರಳಿಗೆ ಹತ್ತಿದ ಸಾರನ್ನು ಎಲೆಯಂಚಿಗೆ ಒರೆಸಿದಳು.

"ಯೆಣ್ ಮಕ್ಳೂ ಬತ್ತಾವಾ ಕಲ್ಯಾಕೆ?"

"ಬತ್ತಾವೆ. ಚೆನ್ನಾಗಿ ಕಲೀತಾವೆ."

"ಆ ಮಕ್ಳು ಆಮೇಲೆ ಒಬ್ಬೊಬ್ರೇ ಓಗ್ತಾವಾ ಮ್ಯಾಲಕ್ಕೆ?"

"ಓಗ್ತಾವೆ ಕಣವ್ವ. ಒಂದಲ್ಲಾ ಒಂದಿನ ಓಗ್ಲೇಬೇಕು."

ಅಕ್ಕನಿಗೆ ತಡೆಯಲಾಗಲಿಲ್ಲ. "ಅರಕೆ ಏನಾಯ್ತದವ್ವ? ಸುಮ್ನೆ ಇಂಗೆ ಕೇಳ್ತಾ ಕುಂತಿದ್ರೆ?"

"ಅರಕೆ ಕಟ್ಕೊಂಡೋಳು ನಾನು. ಒಬ್ನೇ ಓಗೋ ವಿಮಾನಕ್ಕೆ ಕಟ್ಕೊಂಡಿದ್ದೆ. ಅದ್ರಿಂದ ಇಳುದವ್ನೆ. ನೀನ್ ಸುಮ್ಕುಂತ್ಕೊ" ಎಂದು ಅವ್ವ ಮತ್ತೆ ನನ್ನ ಕಡೆ ತಿರುಗಿದಳು. ಬಿಟ್ಟ ತುಂಡನ್ನು ಮತ್ತೆ ಕೈಗೆತ್ತಿಕೊಂಡಳು.

"ಆ ಮಕ್ಳಿಗೂ ಊರಲ್ಲಿ ಅವ್ವದೀರು ಇರ್ತಾರಲ್ವೇನ್ಲಾ?"

"ಇರ್ತಾರೆ."

"ಅಂಗಾದ್ರೆ ಓಗು. ಓಗಿ ಸರ್ಯಾಗಿ ಕಲ್ಸು. ಅವ್ರಾದ್ರೂ ಬಾಡು ಬುಡೋದು ಬ್ಯಾಡ."

ಹಾಗೆ ಹೇಳಿ ತುಂಡನ್ನು ಬಾಯಿಗೆ ಹಾಕಿಕೊಂಡಳು. ಇರುವ ಒಂದೆರಡು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು, ಕಣ್ಣು ಮುಚ್ಚಿದಳು, ನುಂಗಿದಳು. ಆಮೇಲೆ ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ನನ್ನ ಗೆಳೆಯನಿಗೆ ತೋರಿಸಿದಳು, ಅವನು ಬಗ್ಗಿ ಇನ್ನೊಂದು ಸೌಟು ಬಡಿಸಿದ.