ನಾನು ಚುಚ್ಚಿಸಿಕೊಳ್ಳದ ಇಂಜೆಕ್ಷನ್

ಸುಮಾ, ನಾನು ಆ ಇಂಜೆಕ್ಷನ್ ಚುಚ್ಚಿಸಿಕೊಂಡಿರಲಿಲ್ಲ. ಲಿಂಕೋಪಿಂಗ್‌ನ ಆ ಕ್ಲಿನಿಕ್ಕಿನಲ್ಲಿ ನಿನಗಿಂತ ಮೊದಲು ಒಳಗೆ ಹೋದೆ, ತೋಳಿಗೆ ಪ್ಲಾಸ್ಟರ್ ಅಂಟಿಸಿಕೊಂಡು ಹೊರಗೆ ಬಂದೆ, ಇರುವೆ ಕಚ್ಚಿದ ಹಾಗಾಗುತ್ತದೆ ಅಷ್ಟೆ ಎಂದೆ — ಪ್ಲಾಸ್ಟರ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ಆಮೇಲೆ ಆ ಸುಳ್ಳು ಮರಿ ಹಾಕಿತು. ಆ ಮರಿಗಳಲ್ಲಿ ಒಂದು ನಿನ್ನ ಬದುಕನ್ನೇ ಬೇರೆ ದಾರಿಗೆ ತಳ್ಳಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಹೇಳುವಷ್ಟು ಧೈರ್ಯವಿದ್ದಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲ.

ನಿನಗೆ ಎಲ್ಲ ನೆನಪಿದೆ, ಗೊತ್ತು. ಆದರೂ ನನ್ನ ಕಡೆಯಿಂದ ಒಮ್ಮೆ ಕೇಳು. 2005. ನಾವಿಬ್ಬರೂ ಸ್ವೀಡನ್ನಿಗೆ ಬಂದು ಮಾಸ್ಟರ್ಸ್ ಓದುತ್ತಿದ್ದೆವು. ಒಂದು ಸೆಮಿಸ್ಟರ್ ಅಮೆರಿಕದ ಕಾಲೇಜೊಂದರಲ್ಲಿ ಕಲಿಯಲು ನಮ್ಮ ವಿಭಾಗದಿಂದ ಇಬ್ಬರಿಗೆ ಅವಕಾಶವಿತ್ತು, ಅದು ನಿನಗೂ ನನಗೂ ಸಿಕ್ಕಿತ್ತು. ನಮ್ಮ ಹಿಂದೆ ಕಾಯುವ ಪಟ್ಟಿಯಲ್ಲಿದ್ದವನು ಮೈಸೂರಿನ ಪ್ರಕಾಶ. ಎಲ್ಲ ಮುಗಿಯಿತು ಅನ್ನುವಾಗ ಆ ಕಾಲೇಜಿನಿಂದ ಒಂದು ಫಾರಂ ಬಂತು: ಹಾಸ್ಟೆಲಿನಲ್ಲಿ ಇರುವವರು ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡು ನರ್ಸ್ ಸಹಿಯೊಂದಿಗೆ ಕಳಿಸಬೇಕು. ಮಿದುಳಿನ ಪೊರೆಗೆ ತಗಲುವ ಸೋಂಕು, ಒಂದೇ ಸೂರಿನಡಿ ಇರುವ ಹುಡುಗರಲ್ಲಿ ಹರಡುತ್ತದೆ, ನೋಡುನೋಡುತ್ತಲೇ ಪ್ರಾಣ ತೆಗೆಯಬಹುದು ಎಂದು ಎರಡು ಪುಟ ಬರೆದಿದ್ದರು. ಸ್ವೀಡನ್ನಿನಲ್ಲಿ ಇಂಥದ್ದನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಪರ್ಸೂನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಒಂದಿದ್ದರೆ ಮನುಷ್ಯ ಸಂಪೂರ್ಣ.

ನೀನು ಅಮೆರಿಕವೇ ಬೇಡ ಎಂದುಬಿಟ್ಟೆ. ದಾವಣಗೆರೆಯ ಶಾಲೆಯಲ್ಲಿ ಸೂಜಿ ಕಂಡು ಮೂರ್ಛೆ ಹೋಗಿದ್ದೆಯಂತೆ, ಏಳನೇ ಕ್ಲಾಸಿನವರೆಗೂ ಹುಡುಗರು ನಿನ್ನನ್ನು ಕಂಡರೆ ಬಿದ್ದು ತೋರಿಸುತ್ತಿದ್ದರಂತೆ. ನಾನು ನಿಮ್ಮೆಲ್ಲರಿಗಿಂತ ಎರಡು ವರ್ಷ ದೊಡ್ಡವನು — ನಮ್ಮ ಹಾಸ್ಟೆಲ್ ಕಾರಿಡಾರಿನ ಕನ್ನಡದವರಿಗೆಲ್ಲ ಅಣ್ಣ. ಅಣ್ಣ ಸುಮ್ಮನಿರುವುದು ಹೇಗೆ? ಅಡುಗೆಮನೆಯ ಬೋರ್ಡಿನ ಮೇಲೆ ಮಿದುಳಿನ ಚಿತ್ರ ಬರೆದು ಅರ್ಧ ಗಂಟೆ ಭಾಷಣ ಮಾಡಿದೆ. ಮಿದುಳು ಹೂಕೋಸಿನ ಹಾಗೆ ಬಂದಿತ್ತು, ಭಾಷಣ ಮಾತ್ರ ಚೆನ್ನಾಗಿತ್ತು. ಕೊನೆಗೆ ಆವೇಶದಲ್ಲಿ ಹೇಳಿಬಿಟ್ಟೆ: "ನಾನೇ ಮೊದ್ಲು ಚುಚ್ಚಿಸ್ಕೋತೀನಿ, ನೀನು ನೋಡಿ ಆಮೇಲೆ ಡಿಸೈಡ್ ಮಾಡು."

ಆಗ ನಿನಗೆ ಹೇಳದೆ ಇದ್ದದ್ದು ಇಷ್ಟು. ಎಸ್‌ಎಸ್‌ಎಲ್‌ಸಿಯಲ್ಲಿ ಓದುವಾಗ ನಮ್ಮ ಬೀದಿಯ ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಕಚ್ಚಿತೇನೋ ಎಂದು ಅಮ್ಮ ಕೇಳಿದಾಗ, ಇಂಜೆಕ್ಷನ್‌ಗೆ ಹೆದರಿ, ಸಾಯುವುದೇ ವಾಸಿ ಎಂದು ಲೆಕ್ಕ ಹಾಕಿ, ಇಲ್ಲ ಎಂದಿದ್ದೆ. ಅಂಥವನು ನಾನು.

ಕ್ಲಿನಿಕ್ಕಿನಲ್ಲಿ ಕ್ಯೂ ಚೀಟಿ ಎಳೆದುಕೊಂಡು ಕುಳಿತೆವು. ನನ್ನ ನಂಬರ್ ಬಂತು. ಒಳಗೆ ನರೆಗೂದಲಿನ ನರ್ಸ್ ಒಬ್ಬರು ಸೂಜಿಯನ್ನು ಮೇಲೆತ್ತಿ ಹಿಡಿದಿದ್ದರು. ಇದು ಹಾಕಿಸಿಕೊಳ್ಳಲೇಬೇಕೇ ಎಂದು ಕೇಳಿದೆ. ಅವರು ಸಾವಧಾನವಾಗಿ ಫಾರಂ ಓದಿ, ಕೊನೆಯಲ್ಲಿ ಸಣ್ಣಕ್ಷರದ ಒಂದು ಸಾಲು ಹುಡುಕಿ ತೋರಿಸಿದರು: ಅಪಾಯ ತಿಳಿದೂ ಬೇಡ ಎನ್ನುವವರು ಇಲ್ಲಿ ಸಹಿ ಮಾಡಬಹುದು. ಹಾಕಿಸಿಕೊಳ್ಳುವುದು ಒಳ್ಳೆಯದು, ಆದರೆ ತೀರ್ಮಾನ ನಿಮ್ಮದು ಎಂದರು. ಈ ದೇಶದಲ್ಲಿ ಯಾರೂ ಯಾರನ್ನೂ ಒತ್ತಾಯ ಮಾಡುವುದಿಲ್ಲ. ನಮ್ಮೂರಿನ ನರ್ಸಮ್ಮನಾಗಿದ್ದರೆ ರಟ್ಟೆ ಹಿಡಿದು ಚುಚ್ಚಿ, ನಾಲ್ಕು ಬೈದು ಕಳಿಸುತ್ತಿದ್ದಳು — ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ. ನಾನು ಸಹಿ ಮಾಡಿದೆ. ಆಮೇಲೆ, ನಾಚಿಕೆ ಬಿಟ್ಟು, ಒಂದು ಪ್ಲಾಸ್ಟರ್ ಸಿಗಬಹುದೇ ಎಂದು ಕೇಳಿದೆ.

ಆಕೆ ಗಾಯ ಎಲ್ಲಿ ಎಂದು ಕೇಳಲಿಲ್ಲ. ಡ್ರಾಯರ್ ತೆಗೆದು, ಚಿಕ್ಕ ಮಕ್ಕಳಿಗೆಂದು ಇಟ್ಟಿದ್ದ ಕರಡಿ ಚಿತ್ರದ ಪ್ಲಾಸ್ಟರ್ ಕೊಟ್ಟರು.

"ನೋವಾಯ್ತಾ ಅಣ್ಣಾ?" ಎಂದು ನೀನು ಕೇಳಿದೆ. ನಾನು ಇರುವೆಯ ಮಾತು ಹೇಳಿದೆ. ನೀನು ಕಣ್ಣು ಮುಚ್ಚಿ ಏನೋ ಗುನುಗಿಕೊಂಡು ಒಳಗೆ ಹೋದೆ. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು, ಆದರೆ ನಗುತ್ತಿದ್ದೆ. "ಇರುವೆ ಅಲ್ಲ ಅಣ್ಣಾ, ಕಟ್ಟಿರುವೆ! ಆದ್ರೂ ಪರ್ವಾಗಿಲ್ಲ. ನೀವು ಮೊದ್ಲು ಹೋಗ್ಲಿಲ್ಲ ಅಂದಿದ್ರೆ ನಾನು ಒಳಗೆ ಕಾಲೇ ಇಡ್ತಿರ್ಲಿಲ್ಲ." ಆಮೇಲೆ ನನ್ನ ತೋಳು ನೋಡಿ, "ಅದ್ಯಾಕೆ ನಿಮಗೆ ಮಾತ್ರ ಕರಡಿ?" ಎಂದೆ. ಮೊದಲು ಬಂದವರಿಗೆ ಕೊಡುತ್ತಾರಂತೆ ಎಂದು ನಾನು ಹೇಳಿದೆ. ನೀನು ನಂಬಿದೆ. ನಾನು ಏನು ಹೇಳಿದರೂ ನಂಬುತ್ತಿದ್ದೆಯಲ್ಲ —

ಪ್ಲಾಸ್ಟರ್ ನನ್ನ ಬಲತೋಳಿನಲ್ಲಿತ್ತು. ಹಾಗಾಗಿ ಮೂರು ದಿನ ನನ್ನ ಸರದಿಯ ಚಪಾತಿಯನ್ನೂ ನೀನೇ ಲಟ್ಟಿಸಿದೆ, ನಿಜವಾಗಿ ಊದಿಕೊಂಡಿದ್ದ ನಿನ್ನ ತೋಳಿನಿಂದ. ಯಾರಾದರೂ ನನ್ನ ಕಡೆ ನೋಡಿದಾಗಲೆಲ್ಲ ನಾನು ಸಣ್ಣಗೆ ನರಳುತ್ತಿದ್ದೆ. ಚಪಾತಿ ಮೆತ್ತಗಿತ್ತು, ಎರಡು ಹೆಚ್ಚೇ ತಿಂದೆ.

ಎರಡು ವಾರ ಕಳೆದ ಮೇಲೆ ಅಮೆರಿಕದಿಂದ ಈಮೇಲ್ ಬಂತು. ಹಾಸ್ಟೆಲ್ ವಾಸಿಗಳು ಬೇಡವೆಂದು ಸಹಿ ಹಾಕಿದರೆ ನಡೆಯುವುದಿಲ್ಲ, ಲಸಿಕೆ ಕಡ್ಡಾಯ. ಕ್ಲಿನಿಕ್ಕು ಎರಡು ಬಸ್‌ಸ್ಟಾಪಿನಾಚೆ ಇತ್ತು. ಎರಡು ಸಲ ಸೈಕಲ್ಲಿನಲ್ಲಿ ಹೋದೆ. ಒಂದು ಸಲ ಚೀಟಿಯನ್ನೂ ಎಳೆದೆ. ನನ್ನ ನಂಬರ್ ಬೋರ್ಡಿನ ಮೇಲೆ ಬಂದಾಗ, ಯಾರದೋ ನಂಬರ್ ಎಂಬಂತೆ ಅತ್ತಿತ್ತ ನೋಡಿ ಎದ್ದು ಬಂದೆ. ಆ ಸಂಜೆಯೇ ಅಡುಗೆಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ: "ನಾನು ಹೋಗ್ತಿಲ್ಲ. ಪ್ರಕಾಶನಿಗೆ ಈ ಚಾನ್ಸ್ ನನಗಿಂತ ಜಾಸ್ತಿ ಬೇಕು. ಅವನಿಗೆ ಬಿಟ್ಕೊಡ್ತಿದೀನಿ."

ಪ್ರಕಾಶ ಅತ್ತುಬಿಟ್ಟ. ಆ ವರ್ಷದ ಯುಗಾದಿ ಊಟಕ್ಕೆ ಸೇರಿದ್ದ ಕನ್ನಡಿಗರು ನನಗೆ ಶಾಲು ಹೊದಿಸಿದರು. ತ್ಯಾಗದ ಬಗ್ಗೆ ಒಬ್ಬರು ಮಾತಾಡಿದರು. ನಾನೂ ಎರಡು ಮಾತಾಡಿದೆ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಒಂದು ಸೂಜಿಗೆ ಹೆದರಿ ಓಡಿದವನಿಗೆ ಶಾಲು, ಹಾರ, ಹೋಳಿಗೆ.

ಇಲ್ಲಿಯವರೆಗೆ ನಗಬಹುದು. ನಗು, ಪರವಾಗಿಲ್ಲ. ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ.

ಮರುವರ್ಷ ನೀನು ಅಮೆರಿಕದಿಂದ ವಾಪಸ್ ಬಂದೆ. ನಮ್ಮ ವಿಭಾಗದಲ್ಲಿ ಒಂದೇ ಒಂದು ಪಿಎಚ್‌ಡಿ ಹುದ್ದೆ ಖಾಲಿಯಿತ್ತು. ಇಬ್ಬರೂ ಅರ್ಜಿ ಹಾಕಿದೆವು. ಒಂದು ದಿನ ಸೈಕಲ್ ನಿಲ್ಲಿಸುವ ಜಾಗದಲ್ಲಿ ನೀನು ನನ್ನನ್ನು ತಡೆದು ಹೇಳಿದೆ: "ನಾನು ಅರ್ಜಿ ವಾಪಸ್ ತಗೊಂಡೆ ಅಣ್ಣಾ. ನೀವು ಪ್ರಕಾಶನಿಗೋಸ್ಕರ ಅಮೆರಿಕಾನೇ ಬಿಟ್ರಿ. ಒಂದ್ಸಲನಾದ್ರೂ ನಿಮಗೋಸ್ಕರ ಯಾರಾದ್ರೂ ಬಿಟ್ಕೊಡ್ಬೇಕಲ್ವಾ?"

ಆಗ ಬಾಯಿ ಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ನಾನು "ಛೇ ಛೇ, ಅದೆಲ್ಲ ಯಾಕೆ" ಎಂದೆ — ಬೇಡ ಎನ್ನುವ ದನಿಯಲ್ಲಲ್ಲ, ಸರಿ ಎನ್ನುವ ದನಿಯಲ್ಲಿ. ಹುದ್ದೆ ನನ್ನದಾಯಿತು. ಸೇರಿದ ತಿಂಗಳಿಗೆ, ಫೀಕಾದ ಕಾಫಿ ಕುಡಿಯುತ್ತ ಕುಳಿತಾಗ ಪ್ರೊಫೆಸರ್ ಹೇಳಿದರು: ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಸುಮಾಳದಿತ್ತು, ಯಾಕೆ ಬಿಟ್ಟಳೋ ತಿಳಿಯಲಿಲ್ಲ. ನಾನೂ ತಿಳಿಯದವನ ಹಾಗೆ ತಲೆಯಾಡಿಸಿ ಇನ್ನೊಂದು ದಾಲ್ಚಿನ್ನಿ ಬನ್ ತೆಗೆದುಕೊಂಡೆ. ನೀನು ಸೋಡರ್‌ಟೆಲ್ಯೆಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಸಂಶೋಧನೆ ಮಾಡುವ ಆಸೆ ಇತ್ತು ಎಂದು ಆಮೇಲೆ ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ನನಗೆ ನೋವಾದೀತೆಂದು, ಅಲ್ಲವೇ?

ಹೋದ ವಾರ ನೀನು ಫೋನ್ ಮಾಡಿದೆ. ಮಗಳು ನಿಧಿಗೆ ಅಮೆರಿಕದ ಕಾಲೇಜು ಸಿಕ್ಕಿದೆ, ಅದೇ ಲಸಿಕೆ ಕೇಳಿದ್ದಾರೆ, ಹುಡುಗಿ ಹೆದರಿದ್ದಾಳೆ. "ನನಗೆ ಧೈರ್ಯ ಕೊಟ್ಟೋರು ನೀವು, ಅವಳಿಗೂ ಒಂದ್ಮಾತು ಹೇಳಿ" ಎಂದು ಫೋನನ್ನು ಅವಳ ಕೈಗೆ ಕೊಟ್ಟು ಅಡುಗೆಗೆ ಹೋದೆ. ಇರುವೆ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಮಗುವಿಗೆ ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಸೂಜಿಗೆ ಹೆದರಿ ನಾನು ಓಡಿಹೋದೆ, ನಿನ್ನ ಅಮ್ಮ ನಡುಗುತ್ತಲೇ ಒಳಗೆ ಹೋದಳು, ಧೈರ್ಯ ಅವಳದ್ದು, ಅವಳ ಕೈ ಹಿಡಿದುಕೊಂಡು ಹೋಗಿ ಹಾಕಿಸಿಕೋ. ಅಲ್ಲಿಯವರೆಗೆ ಸ್ವೀಡಿಷ್‌ನಲ್ಲೇ ಹೂಂಗುಟ್ಟುತ್ತಿದ್ದವಳು ಕನ್ನಡಕ್ಕೆ ಇಳಿದಳು.

"ಮಾಮ, ಇದು ಅಮ್ಮಂಗೆ ಗೊತ್ತಾ?"

ಇಲ್ಲ ಎಂದೆ.

"ಸಂಡೇವರೆಗೆ ಟೈಮ್ ಕೊಡ್ತೀನಿ. ಆಮೇಲೆ ನಾನೇ ಹೇಳ್ತೀನಿ."

ಹುಡುಗಿ ಹೆದರಿಸಿದ್ದಕ್ಕೆ ಬರೆಯುತ್ತಿದ್ದಾನೆ ಎಂದುಕೊಳ್ಳಬೇಡ ಎಂದು ಬರೆಯಲು ಹೊರಟಿದ್ದೆ. ಅಂದುಕೋ. ಅದು ನಿಜ. ಆದರೆ ಅವಳಿಗೆ ಹೇಳಿದ್ದು ಇಂಜೆಕ್ಷನ್ ವಿಷಯ ಮಾತ್ರ. ಪಟ್ಟಿಯಲ್ಲಿ ಮೊದಲಿದ್ದವಳು ನೀನು ಎಂಬುದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನನ್ನ ಹೆಸರಿನ ಹಿಂದೆ ಇರುವ ಆ ಡಾಕ್ಟರ್ ನಿನ್ನದು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನನಗೆ ಗೊತ್ತು. ಈ ಸಲ ಬಿಟ್ಟುಕೊಡಬೇಡ.